ಕಾಲಲ್ಲಿ ಹಿಡಿಯುವ ಬ್ರೇಕು

ಫೇರ್‌ಫ್ಯಾಕ್ಸ್, ಕ್ಯಾಲಿಫೋರ್ನಿಯಾ
೧೨ ಅಕ್ಟೋಬರ್ ೨೦೧೪

ನನ್ನ ಹಟಮಾರಿ ವಿಲ್ಮಾ,

ನಿನ್ನ ಮಗಳು ಶೆಲ್ಬಿ ಫೋನ್ ಮಾಡಿದ್ದಳು. “ಅಮ್ಮ ಸೈಕಲ್ಲೆಲ್ಲ ಕೊಟ್ಬಿಟ್ಳು ಆಂಟಿ, ಹೆಲ್ಮೆಟ್ಟಲ್ಲಿ ಪುದೀನ ನೆಟ್ಟಿದ್ದಾಳೆ, ನೀವಾದ್ರೂ ಬೈದು ನೋಡಿ” ಅಂದಳು. ಅದಕ್ಕೇ ಬರೆಯುತ್ತಿದ್ದೇನೆ. ಮಾರ್ಚಿನಲ್ಲಿ ನಿನಗೆ ಪಾರ್ಶ್ವವಾಯು ಹೊಡೆದಾಗ ನಾನು ಅತ್ತಿದ್ದೇನೆ, ಈಗ ಬೈಯುವ ಹಕ್ಕೂ ನನ್ನದೇ. ಎಡಗೈಗೆ ಹಿಡಿತವಿಲ್ಲ, ಉಳಿದ ಒಂದೇ ಕೈಯಲ್ಲಿ ಹ್ಯಾಂಡಲ್ಲೂ ಬ್ರೇಕೂ ಎರಡನ್ನೂ ಹಿಡಿಯಲಾಗದು, ಹಾಗಾಗಿ ಸವಾರಿಯ ಕಥೆ ಮುಗಿಯಿತು ಎಂದೆಯಂತೆ. ಏನೇ ಹುಡುಗಿ, ನಮ್ಮ ಹೇಂಟೆಯನ್ನೇ ಮರೆತೆಯಾ?

ಪೆಟಲೂಮಾದ ಕೋಳಿಗೂಡಿನ ಹಿಂದೆ ಅದು ಸಿಕ್ಕ ದಿನ ನೆನಪಿದೆಯಲ್ಲ. ಹಳೇ ಕಾಲದ ಪೇಪರ್ ಹುಡುಗರ ದಪ್ಪ ಟಯರಿನ ಸೈಕಲ್ಲು, ಸೀಟಿನ ಮೇಲೆ ಒಂದು ಕೋಳಿ ಕಾವು ಕೂತಿತ್ತು. ಕೋಳಿಯವನು, “ಕೋಳಿ ಎದ್ದರೆ ತಗೊಂಡ್ಹೋಗಿ, ಏಳದಿದ್ರೆ ನಾಳೆ ಬನ್ನಿ” ಅಂದ. ನೀನು ಅದನ್ನು ರಮಿಸಿ ರಮಿಸಿ ಎಬ್ಬಿಸಿದೆ. ಅಂದಿನಿಂದ ಸೈಕಲ್ಲಿಗೆ ಹೇಂಟೆ ಎಂದೇ ಹೆಸರಾಯಿತು.

ಆಗ ಬೆಟ್ಟದ ಸೈಕಲ್ಲು ಎಂಬ ಮಾತೇ ಅಂಗಡಿಯಲ್ಲಿರಲಿಲ್ಲ. ಟ್ಯಾಮ್ ಬೆಟ್ಟಕ್ಕೆ ಅದನ್ನು ಎಮ್ಮೆಯಂತೆ ತಳ್ಳಿಕೊಂಡು ಹತ್ತುತ್ತಿದ್ದೆವು, ಬೈದುಕೊಳ್ಳುತ್ತ. ಇಳಿಯುವಾಗ ಮಾತ್ರ ಸ್ವರ್ಗ! ಪೆಡಲನ್ನು ಹಿಂದಕ್ಕೆ ಒತ್ತಿದರೆ ಬ್ರೇಕು. ಕೆಳಗೆ ಬರುವಷ್ಟರಲ್ಲಿ ಹಿಂದಿನ ಚಕ್ರದ ನಡುವೆ ಗ್ರೀಸೆಲ್ಲ ಸುಟ್ಟು ಹೊಗೆ. ಓಕ್ ಮರದಡಿ ಚಕ್ರ ಬಿಚ್ಚಿ, ಹೊಸ ಗ್ರೀಸ್ ತುಂಬಿ, ಆ ಕರಿ ಬೆರಳಲ್ಲೇ ಬರಿಟೊ ತಿನ್ನುತ್ತಿದ್ದೆವು. ಅಂಥ ಊಟ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ನಮ್ಮ ಜೊತೆ ಬೆಟ್ಟ ಇಳಿಯುತ್ತಿದ್ದ ರಸ್ಟಿ ರೇಗಿಸುತ್ತಿದ್ದದ್ದು ನೆನಪಿದೆಯಾ? “ಏನ್ ವಿಲ್ಮಾ, ನಿನ್ ಸೈಕಲ್ಲಲ್ಲಿ ಹೊಗೇನೇ ಬಂದಿಲ್ಲ, ಅಜ್ಜಿ ಥರ ಇಳಿದ್ಯಾ?” ಅಂದ. ನೀನು ಬೆರಳಿನ ಗ್ರೀಸನ್ನು ಅವನ ಮೂಗಿಗೆ ಒರೆಸಿ, “ಅಜ್ಜಿ ಆದ್ಮೇಲೂ ನಿನ್ನನ್ನ ಹಿಂದೆ ಹಾಕ್ತೀನಿ, ನೋಡ್ತಿರು” ಅಂದೆ. ಈಗ ಅಜ್ಜಿಯಾಗಿದ್ದೀಯ. ಅವನೂ ಇಲ್ಲೇ ಇದ್ದಾನೆ, ಬೊಜ್ಜು ಬೆಳೆಸಿಕೊಂಡು.

ನೀನು ಊರು ಬಿಟ್ಟಾಗ ನನ್ನ ಷೆಡ್ಡಿನಲ್ಲಿ ಬಿಟ್ಟುಹೋದ ಹೇಂಟೆಯನ್ನು ಹೊರಗೆ ತೆಗೆದಿದ್ದೇನೆ. ಆ ಬ್ರೇಕಿಗೆ ಕೈಯೇ ಬೇಡ ಕಣೇ. ಎರಡು ಕಾಲು ಸಾಕು, ನಿನ್ನ ಕಾಲು ಗಟ್ಟಿಯಿವೆ ಎಂದು ಡಾಕ್ಟರೇ ಹೇಳಿದ್ದಾರಂತೆ. ಹ್ಯಾಂಡಲಿನ ಬಲಗಡೆಯನ್ನು ರಸ್ಟಿ ನಿನಗೆ ಹತ್ತಿರವಾಗುವಂತೆ ಬಗ್ಗಿಸಿಕೊಟ್ಟಿದ್ದಾನೆ. ಕಡಿದಾದ ದಾರಿಗೆ ಕರೆಯುವುದಿಲ್ಲ. ಕೆರೆಯ ಪಕ್ಕದ ಸಪಾಟು ಮಣ್ಣುದಾರಿ, ನಿಧಾನವಾಗಿ, ನಾನು ಜೊತೆಗೆ.

ನಾನಿನ್ನೂ ಅದನ್ನು ಹತ್ತಿ ನೋಡಿಲ್ಲ. ಮೊದಲ ಸವಾರಿ ನಿನ್ನದೇ. ಮೊನ್ನೆ ಮೆಟ್ಟಿಲಲ್ಲಿ ಜಾರಿ ನನ್ನ ಮೊಣಕಾಲು ತರಚಿದೆ, ಬಂದಾಗ ನೋಡಿ ಗಾಬರಿಯಾಗಬೇಡ. ಶನಿವಾರ ಶೆಲ್ಬಿ ಕಾರಲ್ಲಿ ಕರೆತರುತ್ತಾಳೆ. ಹೆಲ್ಮೆಟ್ಟಿನಿಂದ ಪುದೀನ ಕಿತ್ತು ಚಟ್ನಿ ಮಾಡಿಕೋ. ನೀನಿಲ್ಲದೆ ನನಗೆ ಆ ಬೆಟ್ಟ ಬೇಜಾರು ಕಣೇ, ಬಾ.

ನಿನ್ನ ಬೆನ್ನಿಗೆ ಬಿದ್ದಿರುವ,
ಮೊರೀನ್

ತಾ.ಕ.: ಮೆಟ್ಟಿಲಿನ ಮಾತೂ ಸುಳ್ಳು, ಹತ್ತಿ ನೋಡಿಲ್ಲ ಅಂದದ್ದೂ ಸುಳ್ಳು. ನಿನ್ನನ್ನು ಹತ್ತಿಸುವ ಮೊದಲು ಖಾತ್ರಿ ಬೇಕಿತ್ತು. ಎಡಗೈಯನ್ನು ಸ್ಕಾರ್ಫಿನಿಂದ ಸೊಂಟಕ್ಕೆ ಕಟ್ಟಿಕೊಂಡು, ಹೇಂಟೆಯ ಮೇಲೆ ನಮ್ಮ ಹಳೇ ಕಡಿದಾದ ದಾರಿಯಲ್ಲೇ ಮೇಲಿಂದ ಕೆಳಗಿನವರೆಗೆ ಇಳಿದೆ. ಬಿದ್ದದ್ದು ಬ್ರೇಕು ಹಿಡಿಯದೆ ಅಲ್ಲ, ಕೊನೆಯಲ್ಲಿ ಅದು ಅಷ್ಟು ಚೆನ್ನಾಗಿ ಹಿಡಿದದ್ದಕ್ಕೆ. ಮಣ್ಣಲ್ಲಿ ಕೂತು ನೋಡುತ್ತೇನೆ, ಹಿಂದಿನ ಚಕ್ರದಿಂದ ಹೊಗೆ ಬರುತ್ತಿತ್ತು. ಹೊಸ ಗ್ರೀಸ್ ಇನ್ನೂ ತುಂಬಿಲ್ಲ. ಅದಕ್ಕೆ ನಿನ್ನ ಬಲಗೈ ಬೇಕು.