ಒಂದನೇ ತರಗತಿಯ ಚಾಪೆ ವಾಪಸ್ ಕೊಡಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಹೋದ ಮಂಗಳವಾರ ನನ್ನ ಮಗಳ ಒಂದನೇ ತರಗತಿಯಿಂದ ತಾವು ಜಪ್ತಿ ಮಾಡಿಕೊಂಡು ಹೋದ ಅಪಾಯಕಾರಿ ವಸ್ತುವನ್ನು ಹಿಂದಿರುಗಿಸಿ. ಅದು ಅಂಚು ಕಿತ್ತುಹೋದ ಒಂದು ಚಾಪೆ. ತಮ್ಮ ವರದಿಯ ಪ್ರಕಾರ 'ಪೀಠೋಪಕರಣಗಳ ಪಟ್ಟಿಯಲ್ಲಿಲ್ಲದ, ಶಿಸ್ತಿಗೆ ಧಕ್ಕೆ ತರುವ' ಚಾಪೆ. ಅದಿದ್ದ ಮೂಲೆಯಲ್ಲಿ ಈಗ ತಮ್ಮ ಸುತ್ತೋಲೆಯ 'ಸ್ವನಿಯಂತ್ರಣ ಫಲಕ' ನೇತಾಡುತ್ತಿದೆ. ಅತ್ತ ಮಗುವಿಗೆ ಒಂದು ಕೆಂಪು ಚುಕ್ಕೆ, ಕಿರುಚಿದ ಮಗುವಿಗೆ ಎರಡು. ಮಗುವಿಗೆ ಚುಕ್ಕೆ, ನಿಯಂತ್ರಣವೆಲ್ಲ ತಮ್ಮದು. ಎಂಥ ಆವಿಷ್ಕಾರ.

ನಾನು ಬಸ್ ಓಡಿಸುವವನು. ಇಪ್ಪತ್ತೆರಡು ವರ್ಷದಿಂದ ಸ್ಟೀರಿಂಗ್ ಹಿಡಿದಿದ್ದೇನೆ, ಹದಿನೈದು ವರ್ಷದಿಂದ ಸಂಘದ ಬಾವುಟವನ್ನೂ. ಬ್ರೇಕು ಬಸ್ ಓಡಿಸುವವನ ಕಾಲಡಿಯಲ್ಲೇ ಇರಬೇಕು ಎಂಬಷ್ಟು ಗೊತ್ತು. ಅದನ್ನು ಡಿಪೋ ಮ್ಯಾನೇಜರ್ ಮೇಜಿನಡಿ ಇಟ್ಟು, ಗುದ್ದಿದಾಗೆಲ್ಲ ಕೆಂಪು ಚುಕ್ಕೆ ಹಾಕಿದರೆ ಬಸ್ಸು ನಿಲ್ಲುತ್ತದೆಯೇ? ಆರು ವರ್ಷದ ಮಗು ತನ್ನ ಬ್ರೇಕ್ ಎಲ್ಲಿದೆಯೆಂದು ಇನ್ನೂ ತಡಕಾಡುತ್ತಿರುತ್ತದೆ. ಟೀಚರ್ ಚಾಪೆ ಹಾಸಿದ್ದು ಅದಕ್ಕೆ. ಅಲ್ಲಿಗೆ ಯಾರೂ ಯಾರನ್ನೂ ಕಳಿಸುವಂತಿಲ್ಲ. ಸಿಟ್ಟು ಬಂದ ಮಗು ತಾನೇ ಹೋಗಿ ಕೂರಬೇಕು, ಅಂಗೈ ಮೇಲೆ ಹತ್ತು ಸಲ ಮೆಲ್ಲಗೆ ಊದಬೇಕು, ಸಾಕೆನಿಸಿದಾಗ ಎದ್ದು ಬಂದು ಏನಾಯಿತೆಂದು ಹೇಳಬೇಕು. ಮೊದಮೊದಲು ಟೀಚರೂ ಪಕ್ಕದಲ್ಲಿ ಕೂತು ಊದುತ್ತಿದ್ದರು.

ನನ್ನ ಮಗಳು ಶಾಲೆ ಸೇರಿದಾಗ ಪೆನ್ಸಿಲ್ ಮುಟ್ಟಿದವರನ್ನೆಲ್ಲ ಕಚ್ಚುತ್ತಿದ್ದಳು. ನಾಲ್ಕು ತಿಂಗಳ ನಂತರ ಒಂದು ಸಂಜೆ ಡ್ಯೂಟಿ ಮುಗಿಸಿ ಬಂದು ನಾನು ಅವಳಮ್ಮನ ಮೇಲೆ ಎಗರಾಡುತ್ತಿದ್ದೆ. ಮಗಳು ಟವೆಲ್ ತಂದು ನೆಲಕ್ಕೆ ಹಾಸಿದಳು.

"ಅಪ್ಪಾ, ಇದು ಇಲ್ಲಿರುತ್ತೆ. ಬೇಕಾದ್ರೆ ಕೂತ್ಕೋ. ನಾನೇನೂ ಹೇಳ್ತಿಲ್ಲ."

"ಹಾಸಿದ ಮೇಲೆ ಇನ್ನೇನೇ ಹೇಳೋದು?"

"ಹೋಗಿ ಕೂತ್ಕೊಳ್ಳಿ," ಎಂದಳು ಅವಳಮ್ಮ, "ನೀವೂ ಒಂದನೇ ಕ್ಲಾಸ್ ಪಾಸಾಗಿ."

ಮೂರು ಮುಷ್ಕರಗಳಲ್ಲಿ ಯಾರಿಗೂ ಬಗ್ಗದವನು ಟವೆಲ್ ಮೇಲೆ ಕೂತು ಅಂಗೈಗೆ ಹತ್ತು ಸಲ ಊದಿದೆ.

ಇನ್ನು ತಮ್ಮ ಮಂಗಳವಾರ. ಹಾಜರಿ ಪುಸ್ತಕ ತರುವುದು ಎರಡು ನಿಮಿಷ ತಡವಾಯಿತೆಂದು ತಾವು ಮೇಜು ಗುದ್ದಿ, ಫೈಲ್ ಎಸೆದು, ಮೂವತ್ತು ಮಕ್ಕಳ ಮುಂದೆ ಟೀಚರನ್ನು ನಾಲಾಯಕ್ ಎಂದಿರಿ. ತಮಗೆ ಎಷ್ಟು ಚುಕ್ಕೆ ಹಾಕೋಣ? ಆಗ ನನ್ನ ಮಗಳು ಎದ್ದು, "ಸಾರ್, ಚಾಪೆ ಖಾಲಿ ಇದೆ" ಎಂದಳಂತೆ. ಅದು ಗೇಲಿಯಲ್ಲ ಸ್ವಾಮೀ. ಅವಳಿಗೆ ಗೊತ್ತಿದ್ದ ಒಂದೇ ಒಂದು ಔಷಧವನ್ನು ತಮಗೂ ಕೊಟ್ಟಳು. ತಾವು ಔಷಧವನ್ನೇ ಸುತ್ತಿ ಜೀಪಿಗೆ ಹಾಕಿಸಿದಿರಿ. ಟೀಚರಿಗೆ ನೋಟಿಸ್ ಕೊಟ್ಟಿರಿ. ಸೋಮವಾರದೊಳಗೆ ತಪ್ಪೊಪ್ಪಿಕೊಳ್ಳದಿದ್ದರೆ ವರ್ಗಾವಣೆಯಂತೆ. ಮಗಳು ಮತ್ತೆ ಕಚ್ಚಲು ಶುರುಮಾಡಿದ್ದಾಳೆ, ಈಗ ತನ್ನದೇ ಉಗುರುಗಳನ್ನು. ನಿನ್ನೆ ಕೇಳಿದಳು:

"ಸಾರ್‌ಗೆ ಇನ್ನೂ ಸಿಟ್ಟು ಇಳಿದಿಲ್ವಾ ಅಪ್ಪಾ? ಇಷ್ಟು ದಿನದಿಂದ ಚಾಪೆ ಮೇಲೇ ಕೂತಿದಾರಾ?"

ಉತ್ತರ ತಾವೇ ಕಳಿಸಿ.

ನೋಟಿಸ್ ಹಿಂಪಡೆಯಿರಿ. ಫಲಕ ಇಳಿಸಿ. ಚಾಪೆ ಮರಳಿಸಿ. ಇಲ್ಲವಾದರೆ ಸೋಮವಾರ ಬೆಳಿಗ್ಗೆ ಮೂವತ್ತು ಮನೆಗಳ ಅಪ್ಪ ಅಮ್ಮಂದಿರು ಒಂದೊಂದು ಚಾಪೆ ತಂದು ತಮ್ಮ ಕಚೇರಿಯ ಪಡಸಾಲೆಯಲ್ಲಿ ಕೂರುತ್ತೇವೆ. ಕೂಗುವುದಿಲ್ಲ, ಊದುತ್ತೇವೆ. ತಮಗಾಗಿಯೂ ಒಂದು ಚಾಪೆ ಖಾಲಿ ಇಟ್ಟಿರುತ್ತೇವೆ. ಕೂರಿ ಎಂದು ಯಾರೂ ಹೇಳುವುದಿಲ್ಲ.

ಇಂತಿ,
ಈ ಪತ್ರದ ಮೊದಲ ಕರಡನ್ನು ಹರಿದುಹಾಕಿ, ಎರಡನೆಯದನ್ನು ಟವೆಲ್ ಮೇಲೆ ಕೂತು ಬರೆದ
ಒಬ್ಬ ಬಸ್ ಡ್ರೈವರ್