ಅಂಗೈ ನೋಡಿದ ಕಾವು

ಅಕ್ಕಾ,

ಕಾರ್ಡು ಬಂದ ಕೂಡಲೇ ನೀನೊಬ್ಬಳೇ ಓದಿ ಎತ್ತಿಡು, ಅಪ್ಪನ ಕಣ್ಣಿಗೆ ಬೀಳುವುದು ಬೇಡ.

ಈ ಹೊಸ ಮಿಲ್ಲಿನಲ್ಲಿ ಎಣ್ಣೆಯ ಅಂಟು ತೆಗೆಯುವುದಕ್ಕೆ ನಮ್ಮ ಹಾಗೆ ಚೆನ್ನಾಗಿ ಕಾಯಿಸುವುದಿಲ್ಲ. ಕಿಣ್ವ ಅಂತ ಕಷಾಯದ ಬಣ್ಣದ ನೀರಿದೆ. ಮನೆಯಷ್ಟು ದೊಡ್ಡ ಟ್ಯಾಂಕಿಗೆ ಅದನ್ನು ಒಂದು ಕ್ಯಾನ್ ಹಾಕಿದರೆ ಅಂಟೆಲ್ಲ ತಾನೇ ಬಿಟ್ಟುಕೊಳ್ಳುತ್ತದೆ. ಕಾವು ಮಾತ್ರ ಹದವಾಗಿರಬೇಕು. ಸೋಮವಾರ ನಾನು ಮೀಟರ್ ನೋಡಲಿಲ್ಲ. ಹಳೇ ಮಿಲ್ಲಿನಲ್ಲಿ ಅಪ್ಪ ಕಲಿಸಿದ ಹಾಗೆ ಪೈಪಿನ ಮೇಲೆ ಅಂಗೈ ಇಟ್ಟು ನೋಡಿದೆ. ಕೈ ಸುಡಲಿಲ್ಲ, ಇನ್ನೂ ಕಾದಿಲ್ಲ ಅಂದುಕೊಂಡು ಇನ್ನಷ್ಟು ಹಬೆ ಬಿಟ್ಟೆ. ಕಾವು ಹೆಚ್ಚಾಗಿ ಕಿಣ್ವ ಕೆಟ್ಟುಹೋಯಿತು, ಎಣ್ಣೆಯಲ್ಲಿ ಅಂಟು ಹಾಗೇ ಉಳಿಯಿತು. "ಹೆಪ್ಪು ಹಾಕಿದ ಹಾಲನ್ನು ಮತ್ತೆ ಒಲೆ ಮೇಲಿಟ್ಟೆಯಲ್ಲಯ್ಯ," ಅಂದರು ಮೇಸ್ತ್ರಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ನಕ್ಕುಬಿಟ್ಟರು. ಈಗ ನನ್ನನ್ನು ಡ್ರಮ್ ತೊಳೆಯುವುದಕ್ಕೆ ಹಾಕಿದ್ದಾರೆ. ಹತ್ತೊಂಬತ್ತು ವರ್ಷ ಕಲಿತದ್ದು ಇಲ್ಲಿ ಯಾವ ಮೂಲೆಗೂ ಸಾಲುವುದಿಲ್ಲ.

ಕೆಮ್ಮು ಕಡಿಮೆಯಾಗಿದೆ, ಊಟ ಮಾತ್ರ ಸೇರುತ್ತಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು. ಅಪ್ಪ ಕೇಳಿದರೆ, ಇಲ್ಲಿಯವರು ಮೀಟರ್‌ಗಿಂತ ನನ್ನ ಅಂಗೈಯನ್ನೇ ನಂಬುತ್ತಾರೆ ಅನ್ನು.

ನಿನ್ನ ತಮ್ಮ