ಒಂದೇ ಸಲ ಓಡಿದ ಕ್ಯಾಸೆಟ್

ಇನ್ನಂಜೆ,
೧೮ ನವೆಂಬರ್ ೨೦೨೪

ಪ್ರೀತಿಯ ಮಗಳು ಶಾರ್ಲೆಟ್‌ಗೆ ಪಪ್ಪನ ಮುತ್ತುಗಳು.

ನಿನ್ನ ಕುತ್ತಿಗೆ ನೋವು ಹೇಗಿದೆ? ಶಾರ್ಜಾದಲ್ಲಿ ಹಗಲಿಡೀ ಕುಳಿತು ಬೇರೆಯವರ ಮದುವೆಯ ವಿಡಿಯೋ ಎಡಿಟ್ ಮಾಡುವವಳು ಸ್ವಂತ ಮದುವೆಗೆ ಕುತ್ತಿಗೆ ಓರೆ ಮಾಡಿಕೊಂಡು ಬರಬೇಡ. ನನ್ನ ಸಕ್ಕರೆ ಹಿಡಿತದಲ್ಲಿದೆ. ಹಿಡಿತ ತಪ್ಪಿರುವುದು ಬೇರೆ ವಿಷಯ. ಫೋನಿನಲ್ಲಿ ಹೇಳಲು ಹೋಗಿ ಮೂರು ಸಲ ಸೆಕೆಯ ಬಗ್ಗೆ ಮಾತಾಡಿ ಇಟ್ಟುಬಿಟ್ಟೆ. ನಿನ್ನ ಚಿಕ್ಕಪ್ಪನ ಮಗ ಲಾಯ್ಡ್ ರಜೆ ಮುಗಿಸಿ ಇವತ್ತು ಅಲ್ಲಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ವಿಷಯ ಆ ಕ್ಯಾಸೆಟ್ಟಿನದು. ನನ್ನ ತಂಗಿ ಲೊರ್ನಾಳ ಮದುವೆಯ ಮುನ್ನಾದಿನ, ರೋಸಿನಲ್ಲಿ ಮದುಮಗಳಿಗೆ ತೆಂಗಿನಹಾಲು ಹಚ್ಚುವಾಗ ಹೆಂಗಸರು ಹಾಡಿದ ವೊವಿಯೊ ಹಾಡುಗಳನ್ನು ನಾನೇ ರೆಕಾರ್ಡ್ ಮಾಡಿದ್ದೆ. ಊರಿನ ಹಿರಿಯ ಹಾಡುಗಾರ್ತಿ ಬರ್ತಾಬಾಯಿ ಒಂದೊಂದು ಸಾಲು ಎತ್ತಿಕೊಡುವುದು, ಹಿಂದೆ ನಿಂತವರು ಅದನ್ನೇ ತಿರುಗಿ ಹಾಡುವುದು. ಹಿಂದೆ ನಿಂತವರಲ್ಲಿ ನಿನ್ನ ಮಮ್ಮಿ ಬ್ರೆಂಡಾಳೂ ಇದ್ದಳು ಎಂದು ನಿನಗೆ ಚಿಕ್ಕಂದಿನಿಂದ ಹೇಳುತ್ತಾ ಬಂದವನು ನಾನೇ. ಅವಳು ಹಾಡಿದ್ದು ಬೇರೆಲ್ಲೂ ಉಳಿದಿಲ್ಲ. ನಿನ್ನ ರೋಸಿನ ದಿನ ತೋರಿಸುವ ಅವಳ ಫೋಟೋಗಳ ವಿಡಿಯೋಕ್ಕೆ ಅವಳದೇ ಸ್ವರ ಬೇಕೆಂದು ನೀನು ಕೇಳಿದ್ದು ದೊಡ್ಡ ಆಸೆಯೇನಲ್ಲ. ಮೂರು ವರ್ಷದ ಹಿಂದೆ ತೀರಿಹೋದ ತಾಯಿ ಮಗಳ ರೋಸಿಗೆ ಅಷ್ಟಾದರೂ ಬರಬೇಕಿತ್ತು.

ನೀನು ಸ್ಪಷ್ಟವಾಗಿಯೇ ಬರೆದಿದ್ದೆ: ಸ್ವರವನ್ನು ಒಂದಿಷ್ಟೂ ಹಿಂಡದ ವೇವ್ ಫೈಲೇ ಆಗಬೇಕು, ಸ್ಟೀರಿಯೋ, ಎಂಪಿತ್ರೀ ಬೇಡವೇ ಬೇಡ ಪಪ್ಪಾ ಎಂದು. ನಾನು ನಕ್ಕೆ. ಕಾಪುವಿನಲ್ಲಿ ಇಪ್ಪತ್ತು ವರ್ಷ ಹಾಡು ತುಂಬಿಸುವ ಅಂಗಡಿ ಇಟ್ಟವನಿಗೆ ಮಗಳ ಪಾಠ ಬೇರೆ. ಗಲ್ಫಿಗೆ ಹೊರಟವರೆಲ್ಲ ನನ್ನಲ್ಲಿಗೇ ಬರುತ್ತಿದ್ದರು. ಒಂದು ಮೆಮೊರಿ ಚಿಪ್ಪಿನಲ್ಲಿ ಸಾವಿರ ಹಾಡು ತುಂಬಿಸಿ ಕೊಡುವವನು ಮ್ಯಾಕ್ಸಿಮ್ ಒಬ್ಬನೇ ಎಂದು ನನಗೆ ಹೆಸರಿತ್ತು. ಹಾಡನ್ನು ಹಿಂಡಿ ಹಿಂಡಿ ಚಿಕ್ಕದು ಮಾಡುವುದೇ ನನ್ನ ವಿದ್ಯೆ. ಹಳೆಯ ಕಂಪ್ಯೂಟರಿನಲ್ಲಿ ಆ ಸೆಟ್ಟಿಂಗ್ ಹಾಗೆಯೇ ಉಳಿದಿತ್ತು: ಎಂಪಿತ್ರೀ, ಎಡಬಲ ಎರಡನ್ನೂ ಒಂದರಲ್ಲೇ ಬೆರೆಸುವ ಮೋನೋ, ಎಲ್ಲಕ್ಕಿಂತ ಸಣ್ಣ ಅಳತೆ. ಟೇಪಿಗೆ ಬೂಷ್ಟು ಹಿಡಿದಿತ್ತು, ಹೆಚ್ಚೆಂದರೆ ಒಂದು ಸಲ ಓಡೀತು ಎಂದು ಗೊತ್ತಿದ್ದೂ ನಾನು ಆ ಸೆಟ್ಟಿಂಗನ್ನು ನೋಡಲಿಲ್ಲ. ಕಂಪ್ಯೂಟರಿಗೆ ಜೋಡಿಸಿದ ಡೆಕ್ಕಿನಲ್ಲಿ ಟೇಪು ಓಡಿತು, ಹೆಡ್ಡಿನ ಮೇಲೆಲ್ಲ ಕಂದು ಪುಡಿ ಉದುರಿಸಿತು, ಕೊನೆಯಲ್ಲಿ ತುಂಡಾಯಿತು.

ಆಮೇಲೆ ಮಾಡಿದ್ದು ಇನ್ನೂ ನಾಚಿಕೆಗೇಡು. ಆ ಪುಟ್ಟ ಎಂಪಿತ್ರೀಯನ್ನೇ ವೇವ್ ಮಾಡಿ ನಿನಗೆ ಕಳುಹಿಸಿದೆ. ಫೈಲಿನ ಗಾತ್ರ ನೋಡಿ ನೀನು ಖುಷಿಪಟ್ಟೆ. ಮರುದಿನ ಬರೆದೆ: ಪಪ್ಪಾ, ಬರ್ತಾಬಾಯಿ ಮಾತ್ರ ಕೇಳುತ್ತದೆ, ಹಿಂದೆ ನೀರಿನೊಳಗೆ ಮಾತಾಡಿದ ಹಾಗೆ ಎಂತದೋ ಉಂಟು, ಮಮ್ಮಿ ಎಲ್ಲಿ? ಮಣಿಪಾಲದಲ್ಲಿ ಸೌಂಡ್ ಕೆಲಸ ಮಾಡುವ ಲಕ್ಷಿತ್‌ನಲ್ಲಿಗೆ ಬಸ್ಸು ಹಿಡಿದು ಹೋದೆ. ದೊಡ್ಡ ಸ್ವರದ ಅಡಿಯಲ್ಲಿರುವ ಸಣ್ಣ ಸ್ವರವನ್ನೇ ಎಂಪಿತ್ರೀ ಮೊದಲು ಬಿಸಾಡುವುದಂತೆ. “ಡಬ್ಬ ದೊಡ್ಡದು ಮಾಡಿದರೆ ಒಳಗಿನ ಅಕ್ಕಿ ಹೆಚ್ಚಾಗ್ತದಾ ಅಂಕಲ್?” ಎಂದ. ತುಂಡಾದ ಟೇಪನ್ನು ಬೆಳಕಿಗೆ ಹಿಡಿದ. ಸ್ವರ ಹಿಡಿದಿದ್ದ ಪುಡಿಯೆಲ್ಲ ಉದುರಿ ಅದರೊಳಗಿಂದ ಆಚೆಯ ಗೋಡೆ ಕಾಣುತ್ತಿತ್ತು. ಇನ್ನು ನೀನು ಯಾರಲ್ಲಿಯೂ ಕೇಳಬೇಡ ಮಗಾ. ಆಗುವುದಿಲ್ಲ.

ಮಮ್ಮಿ ಆವತ್ತು ಅಡುಗೆಮನೆಯಲ್ಲಿದ್ದಳೋ ಏನೋ ಎಂದು ಕೊನೆಗೆ ನೀನೇ ಸಮಾಧಾನ ಮಾಡಿಕೊಂಡೆ. ಇರಬಹುದು ಎಂದು ನಾನೂ ಉತ್ತರಿಸಿದೆ. ವಿಡಿಯೋಕ್ಕೆ ಬೇರೇನಾದರೂ ಸಂಗೀತ ಹಾಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನ ಕೈ ಬಿಡದಿರಲಿ, ಮಮ್ಮಿಯ ಆಶೀರ್ವಾದವೂ ಇದರಲ್ಲೇ ಸೇರಿದೆ.

ನಿನ್ನ ಪಪ್ಪ,
ಮ್ಯಾಕ್ಸಿಮ್

ಮರೆತ ಮಾತು: ಲಾಯ್ಡ್‌ನ ಟ್ಯಾಕ್ಸಿ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದೆ. ಅಡುಗೆಮನೆಯ ಮಾತು ಸುಳ್ಳು. ಅವಳು ಹಾಡಿದ್ದಾಳೆ. ಆವತ್ತು ಎರಡು ಮೈಕ್ ಇಟ್ಟಿದ್ದೆ: ಒಂದು ಬರ್ತಾಬಾಯಿಗೆ, ಇನ್ನೊಂದು ಹಿಂದಿನವರಿಗೆ ಎಂದು ಹೇಳಿ, ನಿಜದಲ್ಲಿ ಅವಳಿಗೆ. ಟೇಪು ಓಡುವಾಗ ಡೆಕ್ಕಿಗೆ ಸಿಕ್ಕಿಸಿದ ಹೆಡ್‌ಫೋನಿನಲ್ಲಿ, ಬಲಗಿವಿಗೆ, ಸ್ಪಷ್ಟವಾಗಿ ಬಂದಳು. ಮೂರನೆಯ ವೊವಿಯೊದಲ್ಲಿ ಸಾಲು ತಪ್ಪಿ ನಕ್ಕಳು. ನಾನು ಕಣ್ಣು ಮುಚ್ಚಿ ಕುಳಿತಿದ್ದೆ, ಅದಕ್ಕೇ ಪರದೆಯ ಕಡೆ ನೋಡಲಿಲ್ಲ. ನಿನ್ನ ಪಾಲಿನದ್ದನ್ನೂ ನಾನೇ ಕೇಳಿ ಮುಗಿಸಿದೆ.